ಜೇನುತುಪ್ಪದ ಬ್ರಿಯೋಶ್: ಸಕ್ಕರೆಯ ಲೆಕ್ಕ ಇಲ್ಲಿ ನಡೆಯದು

ಕಳೆದ ಮಳೆಗಾಲದಲ್ಲಿ ನನ್ನ ಬೇಕಿಂಗ್ ತರಗತಿಗೆ ಬರುತ್ತಿದ್ದ ಮಹಿಳೆಯೊಬ್ಬರು ತಾವು ಮನೆಯಲ್ಲಿ ಮಾಡಿದ ಬ್ರಿಯೋಶ್ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಮೇಲ್ಭಾಗ ಸೀದು ಕಪ್ಪಾಗಿತ್ತು. ಕತ್ತರಿಸಿದರೆ ನಡುವಿನ ತಿರುಳು ಹಸಿಯಾಗಿಯೇ ಉಳಿದು ಚಾಕುವಿಗೆ ಅಂಟುತ್ತಿತ್ತು. ತಳವಂತೂ ಇಳಿದ ಬೆಣ್ಣೆಯಲ್ಲಿ ಕರಿದಂತಾಗಿತ್ತು. ಪಾಕವಿಧಾನದಲ್ಲಿ ಅವರು ಮಾಡಿಕೊಂಡಿದ್ದ ಬದಲಾವಣೆ ಒಂದೇ. ಸಕ್ಕರೆಯನ್ನು ಬಿಟ್ಟು ಅಷ್ಟೇ ತೂಕದ ಜೇನುತುಪ್ಪ ಹಾಕಿದ್ದರು. "ಎರಡೂ ಸಿಹಿಯೇ ಅಲ್ಲವೇ ಮೇಡಂ, ಅದರಿಂದ ಇಷ್ಟೊಂದು ವ್ಯತ್ಯಾಸ ಆಗುತ್ತದೆಯೇ?" ಎಂದು ಕೇಳಿದರು. ಆ ಮೂರು ದೋಷಗಳಲ್ಲಿ ಎರಡಕ್ಕೆ ಜೇನುತುಪ್ಪವೂ ಮೂರನೆಯದಕ್ಕೆ ನಮ್ಮ ಅಡುಗೆಮನೆಯ ಸೆಕೆಯೂ ಕಾರಣವೆಂದು ಅಂದು ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಬ್ರಿಯೋಶ್ ಫ್ರಾನ್ಸಿನದು. ಬೆಣ್ಣೆಗೆ ಹೆಸರಾದ ನಾರ್ಮಂಡಿ ಪ್ರಾಂತ್ಯದ ಹಳೆಯ ಮಾತಿನಲ್ಲಿ, ಹಿಟ್ಟನ್ನು ಮರದ ಕೊರಡಿನಿಂದ ಮಿದಿಯುವುದಕ್ಕೆ ಇದ್ದ 'ಬ್ರಿಯೆ' ಎಂಬ ಕ್ರಿಯಾಪದದಿಂದ ಈ ಹೆಸರು ಬಂದಿದೆ. ತಲೆಯ ಮೇಲೆ ಪುಟ್ಟ ಗುಂಡು ಕೂತ ಸಣ್ಣ ಬ್ರಿಯೋಶ್, ವಾಂದೇ ಪ್ರದೇಶದಲ್ಲಿ ಜಡೆಯಂತೆ ಹೆಣೆಯುವ ಬ್ರಿಯೋಶ್, ಉದ್ದನೆಯ ಟಿನ್ನಿನಲ್ಲಿ ಎರಡು ಸಾಲು ಉಂಡೆಗಳನ್ನು ಜೋಡಿಸಿ ಬೇಯಿಸುವ ನಾಂತೇರ್ ಬ್ರಿಯೋಶ್ ಹೀಗೆ ಅದಕ್ಕೆ ಹಲವು ರೂಪಗಳಿವೆ. ಮನೆಯಲ್ಲಿ ಮೊದಲ ಬಾರಿ ಮಾಡುವವರಿಗೆ ನಾಂತೇರ್ ರೂಪವೇ ಸುಲಭ. ರೂಪ ಯಾವುದೇ ಇರಲಿ, ಇದರ ಹಿಟ್ಟಿಗೆ ನೀರು ಹಾಕುವುದಿಲ್ಲ. ಮೊಟ್ಟೆಯೇ ಅದರ ಮುಖ್ಯ ದ್ರವ, ಮತ್ತು 100 ಗ್ರಾಂ ಮೈದಾಕ್ಕೆ ಸಾಮಾನ್ಯವಾಗಿ 40ರಿಂದ 60 ಗ್ರಾಂವರೆಗೆ ಬೆಣ್ಣೆ ಸೇರುತ್ತದೆ. ಮೊಟ್ಟೆಯಿಲ್ಲದೆ ಮಾಡಬಹುದೇ ಎಂದು ಅನೇಕರು ಕೇಳುತ್ತಾರೆ. ಹಾಲು, ಬೆಣ್ಣೆ ಹಾಕಿ ಮೃದುವಾದ ಒಳ್ಳೆಯ ಬ್ರೆಡ್ ಖಂಡಿತ ಮಾಡಬಹುದು, ಆದರೆ ಅದನ್ನು ಬ್ರಿಯೋಶ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಜೇನಿನ ವಿಚಾರಕ್ಕೆ ಬರೋಣ. ಸಕ್ಕರೆ ಒಣ ಪದಾರ್ಥ. ಜೇನುತುಪ್ಪದಲ್ಲಿ ಸುಮಾರು 17ರಿಂದ 20 ಶೇಕಡಾ ನೀರಿರುತ್ತದೆ. 50 ಗ್ರಾಂ ಜೇನು ಹಾಕಿದರೆ ಸುಮಾರು ಎರಡು ಚಹಾ ಚಮಚೆಯಷ್ಟು ನೀರನ್ನು ನಮಗೆ ತಿಳಿಯದೆಯೇ ಹಿಟ್ಟಿಗೆ ಸೇರಿಸಿದಂತಾಗುತ್ತದೆ, ಆದ್ದರಿಂದ ಅಷ್ಟು ಹಾಲನ್ನು ಕಡಿಮೆ ಮಾಡಬೇಕು. ಎರಡನೆಯ ವ್ಯತ್ಯಾಸ ಸಿಹಿಯ ಸ್ವರೂಪದಲ್ಲಿದೆ. ಸಕ್ಕರೆಯ ಒಂದು ಅಣು ಒಡೆದರೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಆಗುತ್ತದೆ. ಜೇನಿನಲ್ಲಿ ಈ ಒಡೆಯುವ ಕೆಲಸವನ್ನು ಜೇನ್ನೊಣಗಳೇ ಮುಗಿಸಿರುತ್ತವೆ, ಮತ್ತು ಸಾಮಾನ್ಯವಾಗಿ ಗ್ಲೂಕೋಸ್‌ಗಿಂತ ಫ್ರಕ್ಟೋಸ್ ಹೆಚ್ಚಿರುತ್ತದೆ. ಯೀಸ್ಟ್ ಮೊದಲು ಗ್ಲೂಕೋಸನ್ನು ತಿನ್ನಲು ಬಯಸುತ್ತದೆ. ಹಾಗಾಗಿ ಬ್ರೆಡ್ ಓವನ್ನಿಗೆ ಹೋಗುವ ಹೊತ್ತಿಗೆ ಹಿಟ್ಟಿನಲ್ಲಿ ಉಳಿದಿರುವುದರಲ್ಲಿ ಫ್ರಕ್ಟೋಸಿನ ಪಾಲೇ ದೊಡ್ಡದು. ಫ್ರಕ್ಟೋಸ್ ಸಕ್ಕರೆಗಿಂತ ಕಡಿಮೆ ಬಿಸಿಯಲ್ಲಿಯೇ ಕಂದುಬಣ್ಣಕ್ಕೆ ತಿರುಗುತ್ತದೆ. ಮೊಟ್ಟೆ ಮತ್ತು ಹಾಲಿನ ಪ್ರೋಟೀನಿನ ಜೊತೆಗೂಡಿದಾಗ ಆ ಬಣ್ಣ ಇನ್ನಷ್ಟು ಬೇಗ ಏರುತ್ತದೆ. ಸಕ್ಕರೆ ಬ್ರಿಯೋಶ್‌ಗೆ ಹೇಳಿರುವ 185 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೇನಿನ ಬ್ರಿಯೋಶ್ ಇಟ್ಟರೆ ಹೊರಗೆ ಸೀಯುವುದೂ ಒಳಗೆ ಹಸಿ ಉಳಿಯುವುದೂ ಇದರಿಂದಲೇ.

ಫ್ರಕ್ಟೋಸಿನ ಇನ್ನೊಂದು ಗುಣ ನಮಗೆ ಅನುಕೂಲವಾದದ್ದು. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಜೇನಿನ ಬ್ರೆಡ್ ಮರುದಿನವೂ ಮೃದುವಾಗಿರುತ್ತದೆ. ನಾನು ಜೇನನ್ನು ಆರಿಸಿಕೊಳ್ಳುವುದು ಮುಖ್ಯವಾಗಿ ಈ ಕಾರಣಕ್ಕೆ, ನಂತರ ಪರಿಮಳಕ್ಕೆ. ಸಕ್ಕರೆಗಿಂತ ಜೇನು ಆರೋಗ್ಯಕರ ಎಂಬ ನಂಬಿಕೆಯಿಂದ ಮಧುಮೇಹವಿರುವವರು ಈ ಬ್ರೆಡ್ಡಿಗೆ ಬರಬಾರದು. ಜೇನೂ ಸಕ್ಕರೆಯಂತೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಯಾವ ಜೇನು? ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ಜೇನು ಸಿಕ್ಕರೆ ಒಳ್ಳೆಯದು. ಕಾಡಿನಿಂದ ಬರುವ ಹೆಜ್ಜೇನಿನ ತುಪ್ಪ ಹಲವು ಬಾರಿ ತೀರ ತೆಳುವಾಗಿರುತ್ತದೆ. ಅಂಥದ್ದನ್ನು ಬಳಸುವಾಗ ಹಾಲನ್ನು ಇನ್ನೊಂದು ಚಮಚೆ ತಗ್ಗಿಸಿ. ನಯವಾದ ಹೂವಿನ ಪರಿಮಳದ ಜೇನು ತಿನ್ನಲು ಎಷ್ಟೇ ಚೆನ್ನಾಗಿದ್ದರೂ ಓವನ್ನಿನ ಬಿಸಿಗೆ, ಬೆಣ್ಣೆಯ ಘಮಕ್ಕೆ ಎದುರು ನಿಲ್ಲುವುದಿಲ್ಲ. ಮಲೆನಾಡು, ಕರಾವಳಿ ಕಡೆಯ ಅಂಟುವಾಳದ ಜೇನಿನಂಥ ಗಾಢ ಬಣ್ಣದ, ಸ್ವಲ್ಪ ಕಹಿಯ ಒಗರಿರುವ ತುಪ್ಪ ಹಾಕಿ ನೋಡಿ. ಬೆಂದ ಮೇಲೂ ಅದರ ರುಚಿ ನಾಲಿಗೆಗೆ ಸಿಗುತ್ತದೆ. ಜೇನು ಹರಳುಗಟ್ಟಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಸಾಕು, ಎಸೆಯಬೇಕಾಗಿಲ್ಲ.

8.5 ಇಂಚು ಉದ್ದ, 4.5 ಇಂಚು ಅಗಲದ ಒಂದು ಬ್ರೆಡ್ ಟಿನ್ನಿಗೆ ನನ್ನ ಅಳತೆ ಹೀಗಿದೆ: ಮೈದಾ 300 ಗ್ರಾಂ, ಒಡೆದು ತೂಗಿದ ಮೊಟ್ಟೆ 140 ಗ್ರಾಂ, ತಣ್ಣನೆಯ ಹಾಲು 30 ಗ್ರಾಂ, ಜೇನುತುಪ್ಪ 50 ಗ್ರಾಂ, ಉಪ್ಪು 6 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪಿಲ್ಲದ ಬೆಣ್ಣೆ 120 ಗ್ರಾಂ. ಮೊಟ್ಟೆಯನ್ನು ಎಣಿಸದೆ ತೂಗಿ. ವಿದೇಶಿ ಪಾಕವಿಧಾನಗಳಲ್ಲಿ ಒಂದು ದೊಡ್ಡ ಮೊಟ್ಟೆ ಎಂದರೆ ಚಿಪ್ಪು ತೆಗೆದು 50 ಗ್ರಾಂ; ನಮ್ಮ ಅಂಗಡಿಯ ಮೊಟ್ಟೆ ಹೆಚ್ಚಾಗಿ 45 ಗ್ರಾಂ ಆಸುಪಾಸಿನಲ್ಲಿರುತ್ತದೆ. ನಾಲ್ಕೈದು ಮೊಟ್ಟೆಯ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸವೇ ಹಿಟ್ಟಿನ ಹದ ಕೆಡಿಸುತ್ತದೆ. ಯೀಸ್ಟ್‌ನಲ್ಲಿ ಸಿಹಿ ಹಿಟ್ಟಿಗೆಂದೇ ತಯಾರಿಸಿದ ಬಗೆ ಸಿಕ್ಕರೆ ಅದನ್ನೇ ಕೊಳ್ಳಿ. ಸಿಹಿ ಹೆಚ್ಚಾದಷ್ಟೂ ಅದು ಯೀಸ್ಟ್ ಕೋಶಗಳಿಗೆ ಸಿಗಬೇಕಾದ ನೀರನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಸಾಮಾನ್ಯ ಯೀಸ್ಟ್ ನಿಧಾನವಾಗುತ್ತದೆ. ಅದನ್ನೇ ಬಳಸಿದರೆ ಉಬ್ಬಲು ಹೆಚ್ಚು ಸಮಯ ಕೊಡಬೇಕು.

ಮೈದಾದ ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟೆಂದು ಬರೆದಿರುತ್ತದೆ, ಓದಿ. 100 ಗ್ರಾಂಗೆ 11 ಗ್ರಾಂ ಅಥವಾ ಮೇಲಿದ್ದರೆ ನಿಶ್ಚಿಂತೆ; 9 ಅಥವಾ 10 ಇದ್ದರೆ ಗ್ಲುಟೆನ್ (ಹಿಟ್ಟಿಗೆ ಅಂಟು, ಎಳೆತ ಕೊಡುವ ಗೋಧಿಯ ಪ್ರೋಟೀನ್) ಪುಡಿಯನ್ನು ಒಂದು ಚಹಾ ಚಮಚೆಯಷ್ಟು ಬೆರೆಸಿ. ಇಷ್ಟೊಂದು ಬೆಣ್ಣೆಯ ಭಾರವನ್ನು ಹೊರುವುದು ಗ್ಲುಟೆನ್ನಿನ ಬಲೆ. ಬೆಣ್ಣೆಯ ವಿಷಯದಲ್ಲಿ, ಅಂಗಡಿಯ ಉಪ್ಪು ಬೆಣ್ಣೆಯನ್ನೇ ಬಳಸುವುದಾದರೆ ಹಿಟ್ಟಿಗೆ ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿ. ಮನೆಯಲ್ಲಿ ಕಡೆದ ಬೆಣ್ಣೆಯ ರುಚಿಗೆ ಸಾಟಿಯಿಲ್ಲ, ಆದರೆ ಅದರೊಳಗೆ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಹಿಂಡಿ, ಫ್ರಿಜ್ಜಿನಲ್ಲಿ ಗಟ್ಟಿಮಾಡಿಕೊಂಡೇ ಬಳಸಬೇಕು.

ಇನ್ನು ನಾದುವುದು; ಹೆಚ್ಚಿನ ಬ್ರಿಯೋಶ್ ಕೆಡುವುದು ಇಲ್ಲಿಯೇ. ಬೆಣ್ಣೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕಲಸಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಜೇನು ನೀರನ್ನು ಹಿಡಿದುಕೊಳ್ಳುವುದರಿಂದ ಮೈದಾಕ್ಕೆ ಪೂರ್ತಿ ನೆನೆಯಲು ಸಮಯ ಬೇಕು. ಈ ಅರ್ಧ ಗಂಟೆ ಮುಂದಿನ ನಾದುವ ಶ್ರಮವನ್ನು ಬಹಳ ಕಡಿಮೆ ಮಾಡುತ್ತದೆ. ಆಮೇಲೆ ಹಿಟ್ಟು ನುಣುಪಾಗಿ, ಎಳೆದರೆ ರಬ್ಬರಿನಂತೆ ಹಿಂದೆ ಸರಿಯುವವರೆಗೆ ಎಂಟು ಹತ್ತು ನಿಮಿಷ ನಾದಿ. ಈ ಹಂತ ಮುಗಿಯುವ ಮೊದಲೇ ಬೆಣ್ಣೆ ಹಾಕಿದರೆ, ಕೊಬ್ಬು ಮೈದಾದ ಕಣಗಳಿಗೆ ಸವರಿಕೊಂಡು ಗ್ಲುಟೆನ್ ಎಳೆಗಳು ಒಂದಕ್ಕೊಂದು ಹೊಂದಿಕೊಳ್ಳುವುದನ್ನು ತಡೆಯುತ್ತದೆ, ಮತ್ತು ಬ್ರೆಡ್ಡಿನ ಬದಲು ಪುಡಿಪುಡಿಯಾದ ಕೇಕಿನಂಥ ತಿರುಳು ಬರುತ್ತದೆ. ಬಲೆ ಕೂಡಿದ ಮೇಲೆ, ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿದ್ದೂ ಹೊಳೆಯದೆ ತಣ್ಣಗಿರುವ ಬೆಣ್ಣೆಯನ್ನು ಐದಾರು ಭಾಗ ಮಾಡಿ, ಒಂದು ಭಾಗ ಪೂರ್ತಿ ಬೆರೆತ ನಂತರವೇ ಮುಂದಿನದನ್ನು ಸೇರಿಸಿ.

ನಾದುವಾಗ ಹಿಟ್ಟಿನ ಬಿಸಿ 25 ಡಿಗ್ರಿ ದಾಟಬಾರದು. ಬೆಣ್ಣೆ ಸುಮಾರು 32 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಜಿಡ್ಡಾಗಿ ಹಿಟ್ಟಿನಿಂದ ಬೇರ್ಪಡಲು ಆರಂಭಿಸುತ್ತದೆ. ಪ್ಯಾರಿಸಿನ ಚಳಿಗಾಲದ ಅಡುಗೆಮನೆಯಲ್ಲಿ ಇದು ಚಿಂತೆಯ ವಿಷಯವಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ, ಮಂಗಳೂರಿನಲ್ಲಾದರೆ ವರ್ಷದ ಹೆಚ್ಚಿನ ಭಾಗದಲ್ಲಿ, ಮಿಕ್ಸರಿನ ತಿಕ್ಕಾಟದ ಬಿಸಿಯೂ ಸೇರಿ ಹಿಟ್ಟು ಕೆಲವೇ ನಿಮಿಷಗಳಲ್ಲಿ ಆ ಗಡಿಯನ್ನು ದಾಟುತ್ತದೆ. ಬೇಸಿಗೆಯಲ್ಲಿ ನಾನು ಮೈದಾ, ಮೊಟ್ಟೆ, ಮಿಕ್ಸರಿನ ಬಟ್ಟಲು ಎಲ್ಲವನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಇಟ್ಟಿರುತ್ತೇನೆ. ನಡುವೆ ಹಿಟ್ಟು ಹೊಳಪೇರಿ ಜಿಡ್ಡುಜಿಡ್ಡಾಗಿ ಕಂಡರೆ ಬಟ್ಟಲು ಸಮೇತ ಇಪ್ಪತ್ತು ನಿಮಿಷ ಒಳಗಿಟ್ಟು ಮತ್ತೆ ಮುಂದುವರಿಸುತ್ತೇನೆ. ಅಂಟುತ್ತಿದೆಯೆಂದು ಮೇಲಿಂದ ಮೈದಾ ಉದುರಿಸುವುದು ತಪ್ಪು. ಅಂಟಿಗೆ ಮದ್ದು ಚಳಿ. ಕೊನೆಯಲ್ಲಿ ಹಿಟ್ಟಿನ ಒಂದು ತುಣುಕನ್ನು ಬೆರಳುಗಳ ನಡುವೆ ಎಳೆದರೆ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದ ಪೊರೆಯಾಗಬೇಕು.

ನಾದಿದ ಹಿಟ್ಟನ್ನು ಒಂದು ಗಂಟೆ ಹೊರಗಿಟ್ಟು ಅದು ಒಂದೂವರೆ ಪಟ್ಟಾದ ಮೇಲೆ ಮೆಲ್ಲಗೆ ಮಡಚಿ, ಗಾಳಿಯಾಡದ ಡಬ್ಬಿಯಲ್ಲಿ ಇಡೀ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಗಟ್ಟಿಯಾದ ಹಿಟ್ಟನ್ನು 80 ಗ್ರಾಂನ ಎಂಟು ಉಂಡೆಗಳಾಗಿ ಮಾಡಿ, ಬೆಣ್ಣೆ ಸವರಿದ ಟಿನ್ನಿನಲ್ಲಿ ಎರಡು ಸಾಲಾಗಿ ಜೋಡಿಸಿ. ಎರಡನೆಯ ಬಾರಿ ಉಬ್ಬಲು 26 ಡಿಗ್ರಿ ಆಸುಪಾಸಿನಲ್ಲಿ ಎರಡರಿಂದ ಎರಡೂವರೆ ಗಂಟೆ ಬೇಕು. ಬೇಗ ಉಬ್ಬಲೆಂದು ಬಿಸಿಲಿನಲ್ಲೋ ಬೆಚ್ಚಗಿನ ಓವನ್ನಿನಲ್ಲೋ ಇಟ್ಟವರ ಟಿನ್ನಿನ ತಳದಲ್ಲಿ ಬೆಣ್ಣೆ ಕೆರೆಯಾಗಿ ನಿಲ್ಲುತ್ತದೆ, ನಮ್ಮ ಆ ವಿದ್ಯಾರ್ಥಿನಿಗೆ ಆದದ್ದೂ ಇದೇ. ಉಂಡೆಗಳು ಒಂದಕ್ಕೊಂದು ಒತ್ತಿಕೊಂಡು ಅಂಚಿನ ಹತ್ತಿರಕ್ಕೆ ಬಂದಾಗ, ಕಡೆದ ಮೊಟ್ಟೆಯನ್ನು ಮೃದುವಾದ ಕುಂಚದಿಂದ ತೆಳುವಾಗಿ ಹಚ್ಚಿ. ಅದಕ್ಕೆ ಜೇನು ಬೆರೆಸಬೇಡಿ, ಬಣ್ಣ ಬೇಡಬೇಡವೆಂದರೂ ಬರುತ್ತದೆ.

ಓವನ್ 170 ಡಿಗ್ರಿಗೆ ಪೂರ್ತಿ ಕಾದಿರಲಿ. ಸಣ್ಣ ಒಟಿಜಿಯಲ್ಲಿ (ಮನೆಬಳಕೆಯ ವಿದ್ಯುತ್ ಓವನ್) ಮೇಲಿನ ಬಿಸಿಯಾಗುವ ಕಾಯಿಲ್ ಬ್ರೆಡ್ಡಿಗೆ ತೀರ ಸಮೀಪವಾಗುವುದರಿಂದ ಟಿನ್ನನ್ನು ಕೆಳಗಿನ ಹಂತದಲ್ಲೇ ಇಡಬೇಕು. ಹದಿನೈದನೆಯ ನಿಮಿಷಕ್ಕೆ ಒಮ್ಮೆ ನೋಡಿ. ಮೇಲ್ಭಾಗ ಹೊಂಬಣ್ಣ ದಾಟಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ, ಒಟ್ಟು 30ರಿಂದ 35 ನಿಮಿಷ ಬೇಯಿಸಿ. ಬಣ್ಣ ನೋಡಿ ಬೆಂದಿದೆಯೆಂದು ತೀರ್ಮಾನಿಸುವ ಅಭ್ಯಾಸ ಜೇನಿನ ಬ್ರೆಡ್ಡಿನಲ್ಲಿ ಮೋಸ ಮಾಡುತ್ತದೆ. ಕೆಲವು ನೂರು ರೂಪಾಯಿಯ ಅಡುಗೆ ಥರ್ಮಾಮೀಟರನ್ನು ನಡುವಿಗೆ ಚುಚ್ಚಿದಾಗ 90 ಡಿಗ್ರಿ ತೋರಿಸಿದರೆ ಬೆಂದಿದೆ. ಹತ್ತು ನಿಮಿಷ ಬಿಟ್ಟು ಟಿನ್ನಿನಿಂದ ತೆಗೆದು, ಜಾಲರಿಯ ಮೇಲೆ ಕನಿಷ್ಠ ಒಂದು ಗಂಟೆ ಆರಿಸಿ.

ಜೇನನ್ನು ಬಿಸಿ ಮಾಡಬಾರದೆಂದು ಆಯುರ್ವೇದ ಹೇಳುತ್ತದೆ, ಮತ್ತು ನಮ್ಮ ಮನೆಗಳಲ್ಲಿ ಅದನ್ನು ಪಾಲಿಸುವವರು ಬಹಳ ಮಂದಿ. ಅವರಿಗೆ ನಾನು ಸೂಚಿಸುವ ದಾರಿ ಬೇರೆ: ಹಿಟ್ಟಿಗೆ ಜೇನಿನ ಬದಲು 40 ಗ್ರಾಂ ಸಕ್ಕರೆ ಹಾಕಿ, ಹಾಲನ್ನು ಎರಡು ಚಹಾ ಚಮಚೆ ಹೆಚ್ಚಿಸಿ, ಬ್ರೆಡ್ ಆರಿದ ಮೇಲೆ ಹೋಳುಗಳಿಗೆ ಜೇನು ಸವರಿಕೊಳ್ಳಿ. ನಮ್ಮ ಬೇಕರಿಗಳ ಹನಿ ಕೇಕಿನಲ್ಲಿಯೂ ಸಿಹಿಯ ಪಾಕ ಸೇರುವುದು ಕೇಕ್ ಬೆಂದ ಮೇಲೆಯೇ. ಇನ್ನೊಂದು ಮಾತನ್ನು ಮಾತ್ರ ಎಲ್ಲರೂ ಪಾಲಿಸಲೇಬೇಕು. ಒಂದು ವರ್ಷ ತುಂಬದ ಮಗುವಿಗೆ ಈ ಬ್ರೆಡ್ಡನ್ನು, ಹಾಲಿನಲ್ಲಿ ಅದ್ದಿಯೂ ಕೊಡಬೇಡಿ. ಜೇನಿನಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಶಿಶುಗಳಿಗೆ ಅಪಾಯಕಾರಿ, ಮತ್ತು ಬ್ರೆಡ್ಡಿನ ಒಳಗಿನ 90 ಡಿಗ್ರಿ ಬಿಸಿಗೆ ಅವು ಸಾಯುವುದಿಲ್ಲ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಬೇಗ ಒಣಗಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಡಬ್ಬಿಯಲ್ಲಿ ಹೊರಗೇ ಇಟ್ಟರೆ ಎರಡು ದಿನ, ಚಳಿಗಾಲದಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಷ್ಟನ್ನೇ ತೆಗೆದು ಸಣ್ಣ ಉರಿಯ ತವೆಯ ಮೇಲೆ ಬೆಚ್ಚಗೆ ಮಾಡಿಕೊಳ್ಳಿ. ಜೋರು ಉರಿಯಲ್ಲಿ ಹೋಳೂ ಸಕ್ಕರೆಯ ಬ್ರೆಡ್ಡಿಗಿಂತ ಬೇಗ ಸೀಯುತ್ತದೆ.