ಬೈಬಲಿನ 'ಗರ್ವ' ಅಂದ್ರೆ ಎಂತ, ಎಂತ ಅಲ್ಲ

ಸುರತ್ಕಲ್ ಕಡೆ ಯಾರದ್ದೋ ಹೋಟೆಲ್ ಲಾಸಾಗಿ ಬಾಗಿಲು ಹಾಕಿದ್ರೂ, ಪಂಚಾಯತ್ ಇಲೆಕ್ಷನಲ್ಲಿ ಯಾರೋ ಸೋತ್ರೂ ವಾಟ್ಸಾಪಲ್ಲಿ ಅದೇ ಸ್ಟೇಟಸ್: ಗರ್ವ ಮುಂದೆ, ನಾಶ ಹಿಂದೆ, ಬೈಬಲಲ್ಲೇ ಉಂಟು. ಸಾಕು ಮಾರಾಯ್ರೆ. ಉಂಟು ಹೌದು, ಜ್ಞಾನೋಕ್ತಿ 16:18. ಆದ್ರೆ ಬಿದ್ದವನ ತಲೆಗೆ ಕುಟ್ಲಿಕ್ಕೆ ಬರೆದದ್ದಲ್ಲ ಅದು.

'ನಾಶ' ಅಂತ ನಾವು ಹೇಳುವಲ್ಲಿ ಹೀಬ್ರೂವಿನಲ್ಲಿ ಇರೋದು 'ಶೆವೆರ್', ಅಂದ್ರೆ ಮುರಿತ. ಕೈ ಮುರಿದವ ಕಾಲು ಮುರಿದವ ಯಾಜಕನ ಸೇವೆಗೆ ಬರಬಾರದು ಅಂತ ಯಾಜಕಕಾಂಡ 21ರಲ್ಲಿ ಬರ್ತದಲ್ಲ, ಆ ಮುರಿತಕ್ಕೂ ಇದೇ ಶಬ್ದ. ವಚನದ ಎರಡನೇ ಅರ್ಧದಲ್ಲಿ ಇರೋದು ಮನಸ್ಸಿನ ಎತ್ತರ ಮತ್ತು ಎಡವುವುದು. ಅಲ್ಲಿಗೆ ಚಿತ್ರ ಸಿಕ್ಕಿತು ನೋಡಿ, ತಲೆ ಮೇಲೆ ಮಾಡಿಕೊಂಡು ನಡೆದವ ಎಡವಿ ಬಿದ್ದು ಎಲುಬು ಮುರ್ಕೊಳ್ತಾನೆ. ಹಾಗಾಗಿ ನಾಶಕ್ಕಿಂತ ನಮ್ಮ 'ಭಂಗ'ವೇ ಇಲ್ಲಿ ಸರಿಯಾಗಿ ಕೂತ್ಕೊಳ್ತದೆ. ಇನ್ನು ಗರ್ವಕ್ಕೆ ಇರುವ 'ಗಾಓನ್' ಶಬ್ದದ ಮೂಲದಲ್ಲಿ ಇರೋದು ಎತ್ತರ, ಅದು ಬರೀ ಬೈಗುಳ ಅಲ್ಲ, ವಿಮೋಚನಕಾಂಡ 15ರಲ್ಲಿ ದೇವರ ಮಹಿಮೆಗೂ ಅದೇ ಶಬ್ದ, ಯೆರೆಮೀಯನಲ್ಲಿ ಯೊರ್ದನ್ ಹೊಳೆ ಬದಿಯಲ್ಲಿ ಸೊಕ್ಕಿ ಬೆಳೆದ ಪೊದೆಗಾಡಿಗೂ ಅದೇ. ಎತ್ತರ ತಪ್ಪಲ್ಲ, ಅದು ಯಾರದ್ದು ಅನ್ನೋದೇ ತಕರಾರು.

ಗರ್ವಭಂಗ ಅಂದ ಕೂಡ್ಲೇ ನಮ್ಮವರಿಗೆ ಗರುಡ ಗರ್ವಭಂಗದ ಯಕ್ಷಗಾನ ಆಟ ನೆನಪಾಗ್ತದೆ, ಗರುಡನ ಸೊಕ್ಕು ಇಳೀತು, ಕೈ ಮುಗಿದ, ಮಂಗಳ. ಬೈಬಲಲ್ಲಿ ಇದಕ್ಕೆ ಹತ್ರ ಬರುವವ ಬಾಬೆಲಿನ ರಾಜ ನೆಬೂಕದ್ನೆಚ್ಚರ. ಅರಮನೆ ಮಾಳಿಗೆ ಮೇಲೆ ತಿರುಗಾಡ್ತಾ ಈ ಮಹಾ ಬಾಬೆಲ್ ನಾನೇ ಕಟ್ಟಿದ್ದಲ್ವಾ ಅಂದ, ಬುದ್ಧಿ ಕೆಟ್ಟು ಎತ್ತಿನ ಹಾಗೆ ಹುಲ್ಲು ತಿಂದ, ಬುದ್ಧಿ ಬಂದ ಮೇಲೆ ಸಿಂಹಾಸನ ವಾಪಸ್ ಸಿಕ್ಕಿತು. ಚರ್ಚಿನ ಪ್ರಸಂಗದಲ್ಲೆಲ್ಲ ಇವನದ್ದೇ ಕಥೆ ಹೇಳ್ತಾರೆ, ನನಗೆ ಮಾತ್ರ ಅದು ಸುಲಭದ ಉದಾಹರಣೆ ಅನ್ನಿಸ್ತದೆ.

ನಿಜವಾದ ಉದಾಹರಣೆ ಯೆಹೂದದ ರಾಜ ಉಜ್ಜೀಯ, 2 ಪೂರ್ವಕಾಲವೃತ್ತಾಂತ 26. ಹದಿನಾರಕ್ಕೇ ಪಟ್ಟಕ್ಕೆ ಬಂದು 52 ವರ್ಷ ಆಳಿದವ, ನೀರಿಗೆ ತೊಟ್ಟಿ ತೋಡಿಸಿದ, ಗೋಪುರ ಕಟ್ಟಿಸಿದ, ಕೃಷಿ ಅಂದ್ರೆ ಪ್ರಾಣ, ಅಂದ್ರೆ ಒಳ್ಳೇ ರಾಜನೇ. ಬಲ ಬಂದ ಮೇಲೆ ಮನಸ್ಸು ಎತ್ತರ ಆಯ್ತು ಅಂತ ಬರೆದುಂಟು, ಜ್ಞಾನೋಕ್ತಿಯ ಅದೇ 'ಎತ್ತರ'. ಮಾಡಿದ್ದೆಂತ? ಯಾಜಕರ ಕೆಲಸ ತಾನೇ ಮಾಡ್ತೇನೆ ಅಂತ ಧೂಪ ಹಾಕ್ಲಿಕ್ಕೆ ದೇವಾಲಯದ ಒಳಗೆ ಹೋದ. ಮುಖ್ಯ ಯಾಜಕ ಅಜರ್ಯ ಮತ್ತು 80 ಯಾಜಕರು ಅಡ್ಡ ನಿಂತ್ರು, ಇವನಿಗೆ ಸಿಟ್ಟು ನೆತ್ತಿಗೇರಿತು, ಧೂಪದ ಪಾತ್ರೆ ಕೈಯಲ್ಲಿರುವಾಗಲೇ ಹಣೆಯಲ್ಲಿ ಕುಷ್ಠ ಎದ್ದಿತು. ಅವರು ಅವನನ್ನು ಹೊರಗೆ ದೂಡಿದ್ರು, ಅವನೂ ಗಡಿಬಿಡಿಯಲ್ಲಿ ಹೊರಗೆ ಓಡಿದ. ಸಾಯುವವರೆಗೆ ಬೇರೆ ಮನೆಯಲ್ಲಿ ಒಬ್ಬನೇ, ಮಂಗಳ ಇಲ್ಲ.

ಇದನ್ನು ಓದಿದವರು ಗಲ್ಫ್ ದುಡ್ಡಲ್ಲಿ ಮನೆ ಕಟ್ಟಿ ದೊಡ್ಡ ಗೇಟ್ ಹಾಕಿದವನನ್ನು ಗರ್ವಿಷ್ಠ ಅಂತ ಕರೆಯೋದಿಲ್ಲ. ಅದು ಶೋಕಿ, ಹೆಚ್ಚೆಂದರೆ ಜಂಬ. ಉಜ್ಜೀಯನ ಥರದವರು ಚರ್ಚ್ ಕಮಿಟಿಯಲ್ಲಿ, ಊರ ಸಂಘದಲ್ಲಿ ಸಿಗ್ತಾರೆ, ಇಪ್ಪತ್ತು ವರ್ಷ ಚಂದ ಕೆಲಸ ಮಾಡಿ ಆಮೇಲೆ ನನ್ನನ್ನು ಕೇಳ್ಲಿಕ್ಕೆ ನೀವ್ಯಾರು ಅನ್ನುವವರು.

ಮತ್ತೆ ಆ ಸ್ಟೇಟಸ್ ವಿಷಯ. ಗರ್ವ ಇದ್ರೆ ಮುರಿತ ಉಂಟು ಅಂತ ವಚನ ಹೇಳ್ತದೆ, ಮುರಿದವನಿಗೆಲ್ಲ ಗರ್ವ ಇತ್ತು ಅಂತ ಎಲ್ಲಿ ಹೇಳಿದೆ? ಎಲ್ಲ ಕಳ್ಕೊಂಡ ಯೋಬನಿಗೆ ಅವನ ಸ್ನೇಹಿತರು, ನೀನು ತಪ್ಪು ಮಾಡಿರ್ಬೇಕು ಅಂತ ಇದೇ ಉಲ್ಟಾ ಲೆಕ್ಕ ಹಾಕಿ ದೇವರಿಂದಲೇ ಬೈಸಿಕೊಂಡ್ರು. ಲೂಕ 13ರಲ್ಲಂತೂ ಯೇಸು ನೇರ ಕೇಳ್ತಾರೆ, ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಜೆರುಸಲೇಮಿನ ಬಾಕಿ ಎಲ್ಲರಿಗಿಂತ ದೊಡ್ಡ ಅಪರಾಧಿಗಳು ಅಂತ ಲೆಕ್ಕವಾ ನಿಮ್ಮದು? ಅಲ್ಲ ಅಂತ ಉತ್ತರವೂ ಅವರೇ ಕೊಡ್ತಾರೆ, ಕೊಟ್ಟು ಮಾತನ್ನು ಎದುರು ನಿಂತವರ ಕಡೆಗೇ ತಿರುಗಿಸ್ತಾರೆ: ಮನಸ್ಸು ಬದಲಾಯಿಸದಿದ್ರೆ ನಿಮ್ಮ ಗತಿಯೂ ಹಾಗೇ.