ಧಾತು ಎಂದರೆ ಯಾವ ಧಾತು? ‘ಪಠ್ಯಕ್ರಮದಾದ್ಯಂತ ಭಾಷೆ’ ಪತ್ರಿಕೆಗೊಂದು ಟಿಪ್ಪಣಿ

ಎರಡು ವರ್ಷದ ಬಿ.ಇಡಿ.ಯಲ್ಲಿ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ಪತ್ರಿಕೆಯನ್ನು ಓದಲು ಕುಳಿತಾಗ ನಾನು ಎಡವಿದ್ದು ಮೊದಲ ಮಾತಿನಲ್ಲೇ. ಪ್ರತಿಯೊಬ್ಬ ಶಿಕ್ಷಕರೂ ಭಾಷಾ ಶಿಕ್ಷಕರೇ ಎಂಬುದನ್ನು, ವಿಜ್ಞಾನದವರೂ ಮಕ್ಕಳ ನೋಟ್‌ಬುಕ್ಕಿನಲ್ಲಿ ಒತ್ತಕ್ಷರ, ದೀರ್ಘಗಳನ್ನು ತಿದ್ದಬೇಕು ಎಂದೇ ನಾನು ತಿಳಿದಿದ್ದೆ. ಎಲ್ಲ ವಿಷಯಗಳ ಕಲಿಕೆಯೂ ಭಾಷೆಯ ಮೂಲಕವೇ ನಡೆಯುತ್ತದೆ ಎಂಬ ಇದರ ನಿಜವಾದ ಚಿಂತನೆಗೆ 1975ರಲ್ಲಿ ಇಂಗ್ಲೆಂಡಿನ ಬುಲಕ್ ಸಮಿತಿಯ ವರದಿ ಒತ್ತು ಕೊಟ್ಟಿತು. ನಮ್ಮಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತ, ವಿಜ್ಞಾನದ ತರಗತಿಯೂ ಭಾಷೆಯ ತರಗತಿಯೇ ಎಂದಿತು. ಪರೀಕ್ಷೆಗೆ ಇಷ್ಟು ಹಿನ್ನೆಲೆ ಸಾಕು.

ನನ್ನ ತಪ್ಪು ತಿಳಿವಳಿಕೆ ಕಳಚಿದ್ದು ಬೋಧನಾಭ್ಯಾಸದ ಒಂಬತ್ತನೆಯ ತರಗತಿಯಲ್ಲಿ, ರಸಾಯನವಿಜ್ಞಾನದ ಪಾಠ ಮಾಡುವಾಗ. ಧಾತುವಿಗೆ ಉದಾಹರಣೆ ಕೊಡಿ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ನೋಡು, ಹೋಗು, ಬರು” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕು ‘ತಪ್ಪು’ ಎಂದು ಕೂರಿಸಿದೆ. ಕ್ರಿಯಾಪದದ ಮೂಲರೂಪವನ್ನು ಧಾತು ಎನ್ನುವ, ಹಿಂದಿನ ಅವಧಿಯ ಕನ್ನಡ ವ್ಯಾಕರಣಕ್ಕೆ ಅವನ ಉತ್ತರ ಪೂರ್ತಿ ಸರಿಯಾಗಿತ್ತೆಂಬುದು ನನಗೆ ಹೊಳೆದದ್ದು ಸಂಜೆ, ಪಾಠದ ಅವಲೋಕನ ಬರೆಯುವಾಗ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಇಡೀ ಪತ್ರಿಕೆ ನನಗೆ ತಿಳಿದದ್ದು ಈ ಒಂದು ಪದದಿಂದಲೇ. ‘ಹೋಗುತ್ತಾನೆ’ ಎಂಬುದರಿಂದ ‘ಆನೆ’ ಎಂಬ ಪ್ರತ್ಯಯವನ್ನೂ ‘ಉತ್ತ’ ಎಂಬ ಕಾಲಸೂಚಕವನ್ನೂ ಬಿಡಿಸಿದರೆ ‘ಹೋಗು’ ಉಳಿಯುತ್ತದೆ. ಅದನ್ನು ಮತ್ತೆ ಒಡೆದರೆ ಅರ್ಥವೇ ಉಳಿಯುವುದಿಲ್ಲ. ರಸಾಯನವಿಜ್ಞಾನದ ಧಾತುವನ್ನೂ ರಾಸಾಯನಿಕ ಕ್ರಿಯೆಗಳಿಂದ ಇನ್ನೂ ಸರಳವಾದ ಪದಾರ್ಥಗಳಾಗಿ ಒಡೆಯಲಾಗದು. ಇಷ್ಟರ ಮಟ್ಟಿಗೆ ಎರಡೂ ಒಂದೇ ದಾರಿಯಲ್ಲಿವೆ, ಹುಡುಗನ ಉತ್ತರದಿಂದಲೇ ನಾನು ಪಾಠ ಆರಂಭಿಸಬಹುದಿತ್ತು. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಹೇಳದಿದ್ದರೆ ಹೊಸ ಗೊಂದಲವನ್ನು ನಾವೇ ಹುಟ್ಟಿಸಿದಂತಾಗುತ್ತದೆ: ‘ಹೋಗುತ್ತಾನೆ’ಯೊಳಗೆ ಹೋಗುವ ಅರ್ಥ ಹಾಗೆಯೇ ಇದೆ, ಆದರೆ ನೀರಿಗೆ ಬಿದ್ದರೆ ಸಿಡಿಯುವ ಸೋಡಿಯಂ ಮತ್ತು ವಿಷಾನಿಲವಾದ ಕ್ಲೋರಿನ್ ಸೇರಿ ಆದ ಉಪ್ಪಿನಲ್ಲಿ ಆ ಎರಡರ ಗುಣವೂ ಕಾಣುವುದಿಲ್ಲ. ಸಂಯುಕ್ತ ಎಂದರೇನು ಎಂಬ ಮುಂದಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಇನ್ನೂ ಸಿಕ್ಕಿಲ್ಲ.

ಅಂದಿನಿಂದ ಪಾಠ ಯೋಜನೆಯ ಹಿಂಬದಿಯಲ್ಲಿ ಮೂರು ಕಾಲಂ ಎಳೆದುಕೊಳ್ಳುತ್ತೇನೆ: ಪದ, ಮನೆಯಲ್ಲಿ ಅದರ ಅರ್ಥ, ಬೇರೆ ವಿಷಯದಲ್ಲಿ ಅದರ ಅರ್ಥ. ಮೂರನೆಯದನ್ನು ತುಂಬಲು ಸ್ಟಾಫ್ ರೂಮಿನಲ್ಲಿ ಪಕ್ಕದವರನ್ನು ಕೇಳಲೇಬೇಕಾಗುತ್ತದೆ. ‘ವರ್ಗ’ ಎಂಬುದು ಗಣಿತದಲ್ಲಿ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು, ಸಮಾಜ ವಿಜ್ಞಾನದಲ್ಲಿ ಜನರ ಸ್ತರ. ‘ಪದ’ ವ್ಯಾಕರಣದಲ್ಲಿ ಒಂದು, ಬೀಜಗಣಿತದಲ್ಲಿ ಇನ್ನೊಂದು. ‘ಛೇದ’ವು ಭಿನ್ನರಾಶಿಯ ಕೆಳಗೂ ಇದೆ, ಕಾಂಡದ ಅಡ್ಡಛೇದದಲ್ಲೂ ಇದೆ. ‘ಕೋಶ’ವನ್ನು ಹೇಳುವುದೇ ಬೇಡ.

ಪ್ರಶ್ನೆಯ ಕ್ರಿಯಾಪದಗಳ ಕಥೆಯೂ ಇದೇ. ‘ವಿವರಿಸಿ’ ಎಂದಾಗ ಇತಿಹಾಸದ ಶಿಕ್ಷಕರು ಕಾರಣ, ಘಟನೆ, ಪರಿಣಾಮಗಳ ಸರಣಿಯನ್ನು ನಿರೀಕ್ಷಿಸಿದರೆ, ಜೀವವಿಜ್ಞಾನದವರು ಕಾರ್ಯವಿಧಾನವನ್ನೂ ಹೆಸರಿಸಿದ ಚಿತ್ರವನ್ನೂ ಬಯಸುತ್ತಾರೆ. ಈ ವ್ಯತ್ಯಾಸವನ್ನು ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳ 5ಇ ಮಾದರಿಯ ಪಾಠ ಯೋಜನೆಯಲ್ಲಿ ಪದದ ಚರ್ಚೆಯನ್ನು ಎಲ್ಲಿಡಬೇಕು ಎಂಬುದು ಗೆಳತಿಯರು ಹೆಚ್ಚಾಗಿ ಕೇಳುವ ಪ್ರಶ್ನೆ. ಆರಂಭದಲ್ಲೇ ಇಟ್ಟರೆ ಅದು ಪದಗಳ ಅರ್ಥ ಬರೆಸುವ ಕೆಲಸವಾಗಿಬಿಡುತ್ತದೆ. ಅನ್ವೇಷಣೆ ಮುಗಿದು ವಿವರಣೆಗೆ ಬಂದಾಗ ಇಡುವುದು ಮೇಲೆಂದು ನನ್ನ ಅನಿಸಿಕೆ. ‘ಕೆಲಸ ಮತ್ತು ಶಕ್ತಿ’ ಪಾಠದಲ್ಲಿ ಮಕ್ಕಳು ಮೊದಲು ಬೆಂಚನ್ನು ತಳ್ಳಿದರು, ಆಮೇಲೆ ಗೋಡೆಯನ್ನು ತಳ್ಳಿದರು. ಬೆವರು ಬಂದರೂ ಗೋಡೆ ಕದಲಲಿಲ್ಲವಾದ್ದರಿಂದ ಅದರ ಮೇಲೆ ಆದ ಕೆಲಸ ಸೊನ್ನೆ ಎಂದಾಗ, ತಲೆಯ ಮೇಲೆ ಮೂಟೆ ಹೊತ್ತು ನಿಂತವನದ್ದೂ ಸೊನ್ನೆಯೇ ಎಂದು ತಾವೇ ಊಹಿಸಿದರು. “ಹಾಗಾದರೆ ಅವನಿಗೆ ಕೂಲಿ ಕೊಡಬಾರದಾ ಮೇಡಂ?” ಎಂದು ಒಬ್ಬಳು ಕೇಳಿದಳು. ಅದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ. ಮರುದಿನ ಸಮಾಜ ವಿಜ್ಞಾನದ ಸಹಪಾಠಿ ದುಡಿಮೆ ಮತ್ತು ವೇತನದ ಪಾಠವನ್ನು ಅದೇ ಪ್ರಶ್ನೆಯಿಂದ ಶುರು ಮಾಡಿದಳು.