ಚಿಪ್ ಅಗ್ಗವಾದರೆ ಹ್ಯಾಂಡ್‌ಸೆಟ್ ಬೆಲೆ ಮತ್ತು ರಾಯಲ್ಟಿ ಎಷ್ಟು ಇಳಿಯುತ್ತವೆ?

ಮೊಬೈಲ್ ಸಂಪರ್ಕ ತಂತ್ರಜ್ಞಾನದ ಪೇಟೆಂಟ್‌ಗಳಿಗೆ ಸಲ್ಲುವ ರಾಯಲ್ಟಿಯನ್ನು, ಅಂದರೆ ಬಳಕೆಯ ಶುಲ್ಕವನ್ನು, ಬಹುಪಾಲು ಒಪ್ಪಂದಗಳಲ್ಲಿ ಚಿಪ್‌ನ ಬೆಲೆಯ ಮೇಲೆ ವಿಧಿಸುವುದಿಲ್ಲ. ತಯಾರಕ ಕಂಪನಿ ಇಡೀ ಹ್ಯಾಂಡ್‌ಸೆಟ್ಟನ್ನು ಮಾರುವ ನಿವ್ವಳ ಬೆಲೆಯ (ತೆರಿಗೆ, ರಿಯಾಯಿತಿ ಮುಂತಾದವನ್ನು ಕಳೆದ ಬೆಲೆ) ಮೇಲೆ ಶೇಕಡಾವಾರು ಲೆಕ್ಕದಲ್ಲಿ ವಿಧಿಸುತ್ತಾರೆ. ಈ ವಿಷಯದ ಕೀಲಿ ಇರುವುದೇ ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಫೋನನ್ನು ತೆಗೆದುಕೊಳ್ಳೋಣ. ಅದರ ನಿವ್ವಳ ಬೆಲೆ 10,000 ರೂಪಾಯಿ, ರಾಯಲ್ಟಿ ದರ ಶೇ 4, ಚಿಪ್‌ನ ಬೆಲೆ 1,500 ರೂಪಾಯಿ ಎಂದಿರಲಿ. ರಾಯಲ್ಟಿಯ 400 ರೂಪಾಯಿ ಕಳೆದರೆ ಉಳಿದ ವೆಚ್ಚ ಮತ್ತು ಲಾಭ ಸೇರಿ 9,600 ಆಗುತ್ತದೆ. ಚಿಪ್ 900 ರೂಪಾಯಿಗೆ ಇಳಿದು, ಕಂಪನಿಯು ಲಾಭದ ಮೊತ್ತವನ್ನು ಹಾಗೆಯೇ ಉಳಿಸಿಕೊಂಡು ಉಳಿತಾಯವನ್ನೆಲ್ಲ ಗ್ರಾಹಕನಿಗೆ ಬಿಟ್ಟುಕೊಟ್ಟರೆ, ಆ 9,600 ಈಗ 9,000 ಆಗುತ್ತದೆ; ಅದನ್ನು 0.96ರಿಂದ ಭಾಗಿಸಿದರೆ ಹೊಸ ಬೆಲೆ 9,375 ರೂಪಾಯಿ. ಚಿಪ್ ಇಳಿದದ್ದು 600 ರೂಪಾಯಿ, ಫೋನ್ ಇಳಿದದ್ದು 625 ರೂಪಾಯಿ. ಹೆಚ್ಚುವರಿ 25 ರೂಪಾಯಿ ರಾಯಲ್ಟಿಯಲ್ಲಾದ ಇಳಿಕೆ. ಚಿಪ್‌ನ ಬೆಲೆ ಶೇ 40ರಷ್ಟು ಕುಸಿದರೂ ರಾಯಲ್ಟಿ ಕುಗ್ಗಿದ್ದು ಶೇ 6.25ರಷ್ಟು ಮಾತ್ರ ಎಂಬುದನ್ನು ಗಮನಿಸಬೇಕು. ಮೊದಲು 1 ಲಕ್ಷ ಫೋನ್ ಮಾರಾಟವಾಗುತ್ತಿದ್ದರೆ, ಈಗ ಸುಮಾರು 1,06,667 ಮಾರಾಟವಾದರೆ ಪೇಟೆಂಟ್ ಒಡೆಯನಿಗೆ ಅದೇ 4 ಕೋಟಿ ರೂಪಾಯಿ ಸಿಗುತ್ತದೆ. ಅದಕ್ಕಿಂತ ಹೆಚ್ಚು ಮಾರಾಟವಾದರೆ ಅಗ್ಗದ ಚಿಪ್‌ನಿಂದ ಅವನಿಗೆ ಲಾಭವೇ. ಆದರೆ ಚಿಪ್‌ನಲ್ಲಿ ಉಳಿತಾಯವಾದ ಹಣವನ್ನು ಕಂಪನಿ ಉತ್ತಮ ಕ್ಯಾಮೆರಾಕ್ಕೋ ದೊಡ್ಡ ಬ್ಯಾಟರಿಗೋ ಹಾಕಿ ಬೆಲೆಯನ್ನು 10,000ದಲ್ಲೇ ಉಳಿಸಿಕೊಂಡರೆ ರಾಯಲ್ಟಿ ಒಂದು ಪೈಸೆಯೂ ಇಳಿಯುವುದಿಲ್ಲ.

ತೈವಾನಿನ ಚಿಪ್ ಕಂಪನಿ ಮೀಡಿಯಾಟೆಕ್ ತನ್ನ ಚಿಪ್‌ನ ಜೊತೆಗೆ ಸಿದ್ಧ ವಿನ್ಯಾಸವನ್ನೂ ತಂತ್ರಾಂಶವನ್ನೂ ಒದಗಿಸಿದ್ದರಿಂದ ಚೀನಾದ ಶೆನ್‌ಝೆನ್‌ನ ಸಣ್ಣ ತಯಾರಕರಿಗೂ ಫೋನ್ ತಯಾರಿಕೆ ಸಾಧ್ಯವಾಯಿತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ ಮುಂತಾದ ಭಾರತೀಯ ಬ್ರ್ಯಾಂಡ್‌ಗಳ ಅಗ್ಗದ ಫೋನ್‌ಗಳಲ್ಲೂ ಅದರ ಚಿಪ್‌ಗಳಿದ್ದವು. ಈ ಪೈಪೋಟಿ, ಚಿಪ್ ಮಾರುವ ಜೊತೆಗೆ ಪೇಟೆಂಟ್‌ಗಳನ್ನೂ ಹೊಂದಿರುವ ಅಮೆರಿಕದ ಕ್ವಾಲ್‌ಕಾಮ್ ಕಂಪನಿಯ ಚಿಪ್ ವ್ಯಾಪಾರವನ್ನು ಒತ್ತಿದರೂ, ಅದರ ಪರವಾನಗಿ ವಿಭಾಗ ಬೇರೆಯವರ ಚಿಪ್ ಇರುವ ಫೋನ್‌ಗಳಿಂದಲೂ ರಾಯಲ್ಟಿ ಪಡೆಯುತ್ತದೆ. ಪರವಾನಗಿ ಪಡೆಯದವರಿಗೆ ಚಿಪ್ ಮಾರದಿರುವ ಅದರ ನೀತಿಯಿಂದಾಗಿ ಈ ರಾಯಲ್ಟಿ ಪ್ರತಿಸ್ಪರ್ಧಿಗಳ ಚಿಪ್ ಮೇಲಿನ ತೆರಿಗೆಯಂತಾಗಿದೆ ಎಂದು ಅಮೆರಿಕದ ಸ್ಪರ್ಧಾ ನಿಯಂತ್ರಕ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2017ರಲ್ಲಿ ದಾವೆ ಹೂಡಿತು. 2019ರಲ್ಲಿ ಕೆಳ ನ್ಯಾಯಾಲಯ ಆ ವಾದವನ್ನು ಒಪ್ಪಿತಾದರೂ 2020ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು.

ಚೀನಾದಲ್ಲಿ ಸರ್ಕಾರಿ ನಿಯಂತ್ರಕರೊಂದಿಗೆ ಕ್ವಾಲ್‌ಕಾಮ್ ಮಾಡಿಕೊಂಡ 2015ರ ಇತ್ಯರ್ಥದ ಪ್ರಕಾರ, ಅಲ್ಲಿ ಮಾರಾಟವಾಗುವ 3ಜಿ ಫೋನ್‌ಗಳಿಗೆ ಶೇ 5ರ ದರವನ್ನು ನಿವ್ವಳ ಬೆಲೆಯ ಶೇ 65ಕ್ಕೆ ಮಾತ್ರ ಅನ್ವಯಿಸಬೇಕಾಯಿತು. ಪೂರ್ಣ ಬೆಲೆಯ ಲೆಕ್ಕದಲ್ಲಿ ಅದು ಶೇ 3.25. ಕ್ವಾಲ್‌ಕಾಮ್ 2018ರಲ್ಲಿ ಲೆಕ್ಕಕ್ಕೆ ಹಿಡಿಯುವ ಬೆಲೆಗೆ 400 ಡಾಲರ್‌ಗಳ ಮಿತಿಯನ್ನೂ ಹಾಕಿತು. ಆದ್ದರಿಂದ ಅದಕ್ಕಿಂತ ದುಬಾರಿಯಾದ ಫೋನಿನಲ್ಲಿ ಚಿಪ್ ಅಗ್ಗವಾಗಿ ಬೆಲೆ ತುಸು ಇಳಿದರೂ ರಾಯಲ್ಟಿ ಕದಲುವುದಿಲ್ಲ.

ಭಾರತದಲ್ಲಿ ಈ ಚರ್ಚೆ, ಮೊಬೈಲ್ ಪೇಟೆಂಟ್‌ಗಳನ್ನು ಹೊಂದಿರುವ ಸ್ವೀಡನ್ನಿನ ಕಂಪನಿ ಎರಿಕ್ಸನ್ ವಿರುದ್ಧ ಮೈಕ್ರೋಮ್ಯಾಕ್ಸ್ ನೀಡಿದ ದೂರಿನೊಂದಿಗೆ ಮುನ್ನೆಲೆಗೆ ಬಂತು. ಶೇ 1.25ರ ದರದಲ್ಲಿ, ಒಂದೇ ಜಿಎಸ್ಎಂ (2ಜಿ ಸಂಪರ್ಕ) ಚಿಪ್ 100 ರೂಪಾಯಿಯ ಫೋನಿನಲ್ಲಿದ್ದರೆ ರಾಯಲ್ಟಿ 1.25 ರೂಪಾಯಿ, 1,000 ರೂಪಾಯಿಯ ಫೋನಿನಲ್ಲಿದ್ದರೆ 12.50 ರೂಪಾಯಿ ಎಂದು ಭಾರತೀಯ ಸ್ಪರ್ಧಾ ಆಯೋಗ 2013ರ ತನಿಖಾ ಆದೇಶದಲ್ಲಿ ಉದಾಹರಿಸಿತು. ತಂತ್ರಜ್ಞಾನ ಒಂದೇ ಆಗಿರುವಾಗ ಹತ್ತು ಪಟ್ಟು ಸಂದಾಯವೇಕೆ ಎಂಬ ಪ್ರಶ್ನೆ ನನಗೆ ಇಂದಿಗೂ ನ್ಯಾಯವಾದುದೆಂದೇ ತೋರುತ್ತದೆ. ಆದರೆ ಪೇಟೆಂಟ್ ಕಾಯಿದೆಯೇ ಇಂಥ ವಿಷಯಗಳಿಗೆ ಅನ್ವಯಿಸುತ್ತದೆ ಎಂದು ಹೇಳಿ 2023ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆಯೋಗದ ನಡಾವಳಿಯನ್ನು ರದ್ದುಪಡಿಸಿತು.

ಲೆಕ್ಕದ ಆಧಾರವನ್ನು ಚಿಪ್‌ಗೆ ಬದಲಾಯಿಸಿದ ಮಾತ್ರಕ್ಕೆ ಹೊರೆ ಇಳಿಯುತ್ತದೆಂದು ಭಾವಿಸಬಾರದು. ನಮ್ಮ ಉದಾಹರಣೆಯ 1,500 ರೂಪಾಯಿಯ ಚಿಪ್‌ನಿಂದಲೇ 400 ರೂಪಾಯಿ ಪಡೆಯಲು ಪೇಟೆಂಟ್ ಒಡೆಯ ಸುಮಾರು ಶೇ 26.7ರ ದರ ಕೇಳಬಹುದು. ಆ ದರ ಸ್ಥಿರವಾಗಿ ಉಳಿದು ಚಿಪ್ 900ಕ್ಕೆ ಇಳಿದರೆ ಮಾತ್ರ ರಾಯಲ್ಟಿಯೂ ಶೇ 40ರಷ್ಟು ಕುಸಿದು 240 ರೂಪಾಯಿಗೆ ಬರುತ್ತದೆ.